ಅವರ ಮಾತು ಅವರದ್ದೇ ಆಗಿರಲಿ: ಸಮಾಜಕಾರ್ಯದಲ್ಲಿ ಅಡ್ವೊಕಸಿ ಮಾಡುವುದು ಹೇಗೆ?

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಆಸ್ಪತ್ರೆಯೊಂದರಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೆ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಅಜ್ಜಿಯೊಬ್ಬರನ್ನು ಎಲ್ಲಿಗೆ ಕಳಿಸಬೇಕು ಅಂತ ಮೀಟಿಂಗ್ ಇತ್ತು. ಡಾಕ್ಟರ್, ನರ್ಸ್, ಫಿಸಿಯೋಥೆರಪಿಸ್ಟ್, ಅಜ್ಜಿಯ ಮಗ ಮತ್ತು ನಾನು. ಅಜ್ಜಿ ಒಬ್ಬರೇ ಇರುವವರು. ಮನೆಗೆ ಹೋದರೆ ಮತ್ತೆ ಬೀಳುತ್ತಾರೆ, ವೃದ್ಧಾಶ್ರಮವೇ ಸರಿ ಅಂತ ಇಪ್ಪತ್ತೇ ನಿಮಿಷದಲ್ಲಿ ತೀರ್ಮಾನ ಆಯಿತು. ಅವತ್ತು ಅವರ ಪರವಾಗಿ ಎಲ್ಲರಿಗಿಂತ ಜೋರಾಗಿ ಮಾತಾಡಿದ್ದು ನಾನೇ. ಒಳ್ಳೆಯ ಜಾಗವೇ ಸಿಗಬೇಕು, ಕಾಯಿಸಬಾರದು ಅಂತ ವಾದ ಮಾಡಿದೆ. ಫಾರಂ ಕೂಡ ನಾನೇ ತುಂಬಿದೆ.

ಸಂಜೆ ಸಹಿ ಹಾಕಿಸಲು ಹೋದೆ. ಅಜ್ಜಿ ಕನ್ನಡಕ ಹಾಕಿಕೊಂಡು ಫಾರಂ ಪೂರ್ತಿ ಓದಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ವಾಪಸ್ ಕೊಟ್ಟರು. "ಇಷ್ಟೆಲ್ಲ ಬರ್ದಿದ್ದೀಯಲ್ಲ ಮಗಳೇ, ನನ್ನನ್ನ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಅಡ್ವೊಕಸಿ ಬಗ್ಗೆ ನಾನು ಕಲಿತ ಮೊದಲ ಪಾಠ ಅದು. ಇಂದಿಗೂ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಅಲ್ಲಿಂದಲೇ ಶುರು ಮಾಡಿ ಹೇಳುತ್ತೇನೆ. ನೀವು ವಿದ್ಯಾರ್ಥಿಯಾಗಿರಬಹುದು, ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿರಬಹುದು. ಯಾರದೋ ಕೇಸ್ ಕೈಯಲ್ಲಿ ಹಿಡಿದು ಎಲ್ಲಿಂದ ಶುರು ಮಾಡಲಿ ಅಂತ ಕೂತಿದ್ದರೆ ಈ ಬರಹ ನಿಮಗಾಗಿ.

ಅಡ್ವೊಕಸಿ ಅಂದರೆ ಇಲ್ಲಿ ಏನು?

ಕನ್ನಡದಲ್ಲಿ ಇದಕ್ಕೆ ವಕಾಲತ್ತು ಅನ್ನುತ್ತೇವೆ, ಪ್ರತಿಪಾದನೆ ಅಂತಲೂ ಬರೆಯುತ್ತಾರೆ. ವಕಾಲತ್ತು ಅಂದ ಕೂಡಲೇ ಕೋರ್ಟು, ಕರಿ ಕೋಟು ನೆನಪಾಗುತ್ತದೆ. ನಮ್ಮ ಕೆಲಸ ಅದಲ್ಲ. ಒಬ್ಬರ ಬದುಕಿನ ಬಗ್ಗೆ ತೀರ್ಮಾನ ಆಗುವ ಜಾಗಕ್ಕೆ ಅವರ ಮಾತು ಹೋಗಿ ಮುಟ್ಟುವ ಹಾಗೆ ಮಾಡುವುದು ನಮ್ಮ ಕೆಲಸ. ಸಾಧ್ಯವಾದರೆ ಅವರ ಬಾಯಿಂದಲೇ. ಆಗದಿದ್ದರೆ ನಮ್ಮ ಬಾಯಿಂದ, ಆದರೆ ಮಾತು ಮಾತ್ರ ಅವರದ್ದೇ.

ಸೇವೆಗೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದು, ಆದರೆ ಮುಖ್ಯ. ಅರ್ಜಿ ತುಂಬಿಕೊಡುವುದು ಸೇವೆ. ಅರ್ಜಿ ತಿರಸ್ಕಾರವಾದಾಗ ಯಾಕೆ ಅಂತ ಕೇಳುವುದು ಅಡ್ವೊಕಸಿ. ಓದು ಬಾರದವರಿಗಾಗಿ ಇರುವ ಯೋಜನೆಗೆ ಎಂಟು ಪುಟದ ಅರ್ಜಿ ಯಾಕೆ ಅಂತ ಕೇಳುವುದೂ ಅಡ್ವೊಕಸಿಯೇ. ಒಬ್ಬ ವ್ಯಕ್ತಿಗಾಗಿ ಮಾಡುವುದನ್ನು ಕೇಸ್ ಅಡ್ವೊಕಸಿ ಅನ್ನುತ್ತಾರೆ. ನಿಯಮವನ್ನೋ ವ್ಯವಸ್ಥೆಯನ್ನೋ ಬದಲಾಯಿಸಲು ಮಾಡುವುದು ಕಾಸ್ (cause) ಅಡ್ವೊಕಸಿ. ಪಠ್ಯದಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯ. ಕೆಲಸಕ್ಕೆ ಇಳಿದ ಮೇಲೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

ಇದೆಲ್ಲ ನಮ್ಮ ಕೆಲಸವೇ ಅಲ್ಲ, ಕೌನ್ಸೆಲಿಂಗ್ ಮಾಡಿ ಸುಮ್ನೆ ಇರಿ ಅಂತ ಹೇಳುವವರು ಸಿಗುತ್ತಾರೆ. ಅವರಿಗೆ ಕೊಡಲು ಒಂದು ಉತ್ತರ ಇಟ್ಟುಕೊಂಡಿರಿ. ಅಂತರರಾಷ್ಟ್ರೀಯ ಸಮಾಜಕಾರ್ಯ ಒಕ್ಕೂಟ 2014ರಲ್ಲಿ ಮೆಲ್ಬರ್ನ್‌ನಲ್ಲಿ ಒಪ್ಪಿದ ಜಾಗತಿಕ ವ್ಯಾಖ್ಯೆಯಲ್ಲಿ ಸಾಮಾಜಿಕ ಬದಲಾವಣೆ, ಜನರ ಸಬಲೀಕರಣ, ವಿಮೋಚನೆ ಈ ಮಾತುಗಳೇ ಇವೆ. ಸಾಮಾಜಿಕ ನ್ಯಾಯ ಮತ್ತು ಮಾನವ ಹಕ್ಕುಗಳನ್ನು ಈ ವೃತ್ತಿಯ ನಡುಮಧ್ಯ ಇಟ್ಟಿದ್ದಾರೆ. ಅಂದ ಮೇಲೆ ಅಡ್ವೊಕಸಿಯನ್ನು ಬಿಡುವಿದ್ದಾಗ ಮಾಡುವ ಹೆಚ್ಚುವರಿ ಕೆಲಸ ಅನ್ನಲು ಆಗುವುದಿಲ್ಲ.

ಹೆಜ್ಜೆ 1: ಮೊದಲು ಕೇಳಿ, ಆಮೇಲೆ ಬರೆಯಿರಿ

ಈ ಹೆಜ್ಜೆಯನ್ನು ಎಲ್ಲರೂ ದಾಟಿಯೇ ಬಿಟ್ಟಿದ್ದೇವೆ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಅಜ್ಜಿಯ ಜೊತೆ ನಾನು ಅದಾಗಲೇ ನಾಲ್ಕು ಸಲ ಮಾತಾಡಿದ್ದೆ. ವಯಸ್ಸು, ಔಷಧಿ, ಮಗನ ಫೋನ್ ನಂಬರ್, ಆದಾಯ ಎಲ್ಲ ನನ್ನ ಹತ್ತಿರ ಇತ್ತು. ಅವರಿಗೆ ಏನು ಬೇಕು ಅನ್ನುವುದು ಮಾತ್ರ ಇರಲಿಲ್ಲ. ಯಾಕೆಂದರೆ ಫಾರಂನಲ್ಲಿ ಆ ಕಾಲಂ ಇರಲಿಲ್ಲ.

ಪೆನ್ ವಾಪಸ್ ಕೊಟ್ಟ ದಿನ ಕುರ್ಚಿ ಎಳೆದುಕೊಂಡು ಕೂತು ಕೇಳಿದೆ. ಅವರು ಹೇಳಿದ್ದು ಇಷ್ಟೇ: "ನನ್ನ ಮನೆ ಬಾಗಿಲು ನಾನೇ ತೆಗೀಬೇಕು, ರಾತ್ರಿ ನಾನೇ ಹಾಕ್ಕೋಬೇಕು. ಬೇರೆಯವರು ಹೊರಗಿಂದ ಬೀಗ ಹಾಕೋ ಜಾಗ ನಂಗೆ ಬೇಡ."

ಕೇಳುವುದಕ್ಕೂ ಒಂದು ರೀತಿ ಇದೆ. "ನಿಮಗೆ ವೃದ್ಧಾಶ್ರಮ ಆಗಬಹುದಾ?" ಅಂತ ಕೇಳಿದರೆ ಹೂಂ ಅಥವಾ ಊಹೂಂ ಅಷ್ಟೇ ಬರುತ್ತದೆ. ಕಾಯಿಲೆ ಬಿದ್ದು, ಬೇರೆಯವರ ಮೇಲೆ ಅವಲಂಬಿಸಿರುವವರು ಜಾಸ್ತಿ ಸಲ ಹೂಂ ಅಂದುಬಿಡುತ್ತಾರೆ. ಎದುರಿಗಿರುವವರಿಗೆ ಬೇಜಾರಾಗಬಾರದು ಅನ್ನುವ ಭಾವನೆ ಅದು. ಅದರ ಬದಲು ಹೀಗೆ ಕೇಳಿ ನೋಡಿ: "ಇಲ್ಲಿಂದ ಹೋದ ಮೇಲೆ ನಿಮ್ಮ ದಿನ ಹೇಗಿರಬೇಕು ಅಂತ ಅನ್ನಿಸುತ್ತೆ?", "ಯಾವುದು ತಪ್ಪಿಹೋದರೆ ನಿಮಗೆ ತಡೆಯಕ್ಕಾಗಲ್ಲ?" ಕೇಳಿದ ಮೇಲೆ ಸುಮ್ಮನಿರಿ. ಮೌನ ತುಂಬಲು ನೀವೇ ಉತ್ತರ ಜೋಡಿಸಿಕೊಡಬೇಡಿ.

ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅಜ್ಜಿಯ ಕೇಸ್ ಫೈಲಿನಲ್ಲಿ ನಾನು 'ಸ್ವಾತಂತ್ರ್ಯಕ್ಕೆ ಆದ್ಯತೆ ನೀಡುತ್ತಾರೆ' ಅಂತ ಬರೆದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬಾಗಿಲಿನ ಮಾತನ್ನು ಹಾಗೆಯೇ ಬರೆದೆ. ಮುಂದಿನ ಮೀಟಿಂಗ್‌ನಲ್ಲಿ ಡಾಕ್ಟರ್ ಅದನ್ನೇ ಎರಡು ಸಲ ಓದಿದರು.

ಮಾತು ಬಾರದವರು, ಮರೆವು ಇರುವವರು, ಬುದ್ಧಿಮಾಂದ್ಯತೆ ಇರುವವರ ವಿಷಯದಲ್ಲಿ ಏನು ಮಾಡುವುದು? ಇಂಗ್ಲೆಂಡಿನ 2014ರ ಆರೈಕೆ ಕಾಯ್ದೆಯಲ್ಲಿ ಇದಕ್ಕೆ ಉಪಯೋಗಕ್ಕೆ ಬರುವ ಒಂದು ಅಳತೆಗೋಲಿದೆ. ನಾಲ್ಕು ವಿಷಯ ನೋಡುತ್ತಾರೆ. ಹೇಳಿದ್ದು ಅರ್ಥವಾಗುತ್ತದೆಯೇ, ನೆನಪಲ್ಲಿ ಉಳಿಯುತ್ತದೆಯೇ, ಅದನ್ನು ತೂಗಿ ನೋಡಲು ಆಗುತ್ತದೆಯೇ, ತನ್ನ ಇಷ್ಟವನ್ನು ಯಾವುದಾದರೂ ರೀತಿಯಲ್ಲಿ ತಿಳಿಸಲು ಆಗುತ್ತದೆಯೇ. ಇದರಲ್ಲಿ ಒಂದರಲ್ಲಿ ತುಂಬಾ ಕಷ್ಟವಿದ್ದು, ಜೊತೆಗೆ ನಿಲ್ಲಲು ಸರಿಯಾದ ಬೇರೆ ಯಾರೂ ಇಲ್ಲದಿದ್ದರೆ, ಸ್ವತಂತ್ರ ಅಡ್ವೊಕೇಟ್ ಒಬ್ಬರನ್ನು (ವಕೀಲರಲ್ಲ, ಆ ವ್ಯಕ್ತಿಯ ಮಾತು ಮುಟ್ಟುವ ಹಾಗೆ ಜೊತೆಗೆ ನಿಲ್ಲುವವರನ್ನು) ಸ್ಥಳೀಯ ಆಡಳಿತವೇ ಒದಗಿಸಬೇಕು. ಆ ಕಾನೂನು ನಿಮ್ಮಲ್ಲಿ ಇರಲಿ, ಇಲ್ಲದಿರಲಿ, ಈ ನಾಲ್ಕು ಪ್ರಶ್ನೆ ಎಲ್ಲಿ ಬೇಕಾದರೂ ಉಪಯೋಗಿಸಬಹುದು. 'ಇವರಿಗೆ ಏನೂ ತಿಳಿಯಲ್ಲ' ಅಂತ ಒಂದೇ ಏಟಿಗೆ ತಳ್ಳಿಹಾಕುವ ಬದಲು, ಯಾವ ಜಾಗದಲ್ಲಿ ಕಷ್ಟ ಇದೆ ಅಂತ ಕಾಣುತ್ತದೆ. ಅರ್ಥ ಆಗದಿದ್ದರೆ ಸರಳ ಮಾಡಿ ಹೇಳಿ, ಚಿತ್ರ ತೋರಿಸಿ. ನೆನಪು ನಿಲ್ಲದಿದ್ದರೆ ಬರೆದುಕೊಡಿ, ಬೇರೆ ದಿನ ಬೇರೆ ಹೊತ್ತಿನಲ್ಲಿ ಮತ್ತೆ ಕೇಳಿ. ಬೆಳಗ್ಗೆ ಚುರುಕಾಗಿದ್ದು ಸಂಜೆ ಗೊಂದಲಕ್ಕೆ ಬೀಳುವವರು ಎಷ್ಟೋ ಜನ ಇದ್ದಾರೆ. ಅಂಥವರ ಹತ್ತಿರ ಸಂಜೆ ಐದಕ್ಕೆ ಹೋಗಿ ಸಹಿ ಕೇಳುವುದು ಅನ್ಯಾಯ.

ಮಕ್ಕಳಿಗೂ ಇದು ಅನ್ವಯ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನ್ನ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಅನ್ನುತ್ತದೆ. 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲೂ 12ನೇ ವಿಧಿಯೇ, ಕಾನೂನಿನ ಮುಂದೆ ಎಲ್ಲರಂತೆ ವ್ಯಕ್ತಿಯಾಗಿ ನಿಲ್ಲುವ ಹಕ್ಕಿನ ಬಗ್ಗೆ ಇದೆ. ಎರಡಕ್ಕೂ ಒಂದೇ ಸಂಖ್ಯೆ ಬಿದ್ದಿರುವುದರಿಂದ ನೆನಪಿಡುವುದು ಸುಲಭ.

ಹೆಜ್ಜೆ 2: ಒಪ್ಪಿಗೆ ಪಡೆಯಿರಿ

ಯಾರ ಹತ್ತಿರ ಮಾತಾಡಲಿ, ಏನು ಹೇಳಲಿ, ಏನು ಹೇಳಬಾರದು ಅಂತ ಮೂರನ್ನೂ ಕೇಳಿ ಒಪ್ಪಿಗೆ ತಗೊಳ್ಳಿ. ಅಜ್ಜಿ ತಮ್ಮ ಆಪರೇಷನ್ ವಿಷಯ ಯಾರಿಗೆ ಬೇಕಾದರೂ ಹೇಳು ಅಂದರು. ಮಗನ ಸಾಲದ ವಿಷಯ ಎಲ್ಲೂ ಬಾಯಿ ಬಿಡಬೇಡ ಅಂದರು. ಅದನ್ನು ಹೇಳಿದ್ದರೆ ಮಗ ಯಾಕೆ ಮನೆಗೆ ಕರೆದುಕೊಂಡು ಹೋಗುತ್ತಿಲ್ಲ ಅಂತ ಎಲ್ಲರಿಗೂ ಬೇಗ ಅರ್ಥವಾಗುತ್ತಿತ್ತು. ಆದರೂ ಹೇಳಲಿಲ್ಲ. ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ತಗೊಳ್ಳಬಹುದು ಅನ್ನುವುದನ್ನೂ ಮೊದಲೇ ತಿಳಿಸಿ.

ಹೆಜ್ಜೆ 3: ತಡೆ ಎಲ್ಲಿದೆ ಅಂತ ಹುಡುಕಿ

'ವ್ಯವಸ್ಥೆಯೇ ಸರಿ ಇಲ್ಲ' ಅಂದರೆ ಕೆಲಸ ಮುಂದೆ ಹೋಗುವುದಿಲ್ಲ. ಯಾರ ಮೇಜಿನ ಮೇಲೆ, ಯಾವ ಕಾಗದದಲ್ಲಿ, ಯಾವ ಮಾತಿನಲ್ಲಿ ನಿಂತಿದೆ ಅಂತ ಗೊತ್ತಾಗಬೇಕು.

ಅಜ್ಜಿಯ ವಿಷಯದಲ್ಲಿ ಎಲ್ಲರೂ ಹೇಳುತ್ತಿದ್ದ ತಡೆ 'ಸುರಕ್ಷತೆ'. ಅದು ಯಾವ ಸುರಕ್ಷತೆ ಅಂತ ಕೆದಕುತ್ತಾ ಹೋದೆ. ಫಿಸಿಯೋಥೆರಪಿಸ್ಟ್ ಹೇಳಿದ್ದು: ಮನೆ ಮುಂದೆ ಮೂರು ಮೆಟ್ಟಿಲು ಇದೆಯಂತೆ, ವಾಕರ್ ಹಿಡಿದು ಹತ್ತಲು ಆಗುವುದಿಲ್ಲ. ನರ್ಸ್ ಹೇಳಿದ್ದು: ಬಚ್ಚಲುಮನೆಯಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಮಗ ಹೇಳಿದ್ದು: ರಾತ್ರಿ ಏನಾದರೂ ಆದರೆ ಗೊತ್ತಾಗುವುದಿಲ್ಲ. ನೋಡಿ, ಬೆಟ್ಟದಂತೆ ಕಾಣುತ್ತಿದ್ದ ವಿಷಯ ಮೂರು ಮೆಟ್ಟಿಲು, ಒಂದು ಹಿಡಿಕೆ, ಒಂದು ತುರ್ತು ಗಂಟೆಗೆ ಬಂದು ನಿಂತಿತು. ಇದರ ಜೊತೆಗೆ ದಿನಕ್ಕೆರಡು ಸಲ ಬಂದು ಹೋಗುವ ಮನೆ ನೆರವು. ಅದಕ್ಕೆ ಒಂದು ಕಚೇರಿಯ ಮಂಜೂರಾತಿ ಬೇಕಿತ್ತು. ನಿಜವಾದ ಗುದ್ದಾಟ ಅಲ್ಲಿತ್ತು.

ತಡೆಗಳು ಸಾಮಾನ್ಯವಾಗಿ ಒಂದೇ ಬಗೆಯವಾಗಿರುವುದಿಲ್ಲ. ಕೆಲವು ಸಲ ಮಾಹಿತಿಯೇ ತಲುಪಿರುವುದಿಲ್ಲ. ಕೆಲವು ಸಲ ನಿಯಮ ಒಳ್ಳೆಯದೇ, ಜಾರಿ ಮಾಡುವವರು ತಪ್ಪಾಗಿ ಓದಿಕೊಂಡಿರುತ್ತಾರೆ. ಕೆಲವು ಸಲ ನಿಯಮವೇ ಕೆಟ್ಟದ್ದು. ಇನ್ನು ಕೆಲವು ಸಲ ಎಲ್ಲ ಸರಿ ಇದ್ದು ಹಣವೋ ಜನವೋ ಇರುವುದಿಲ್ಲ. ಯಾವುದು ಅಂತ ತಿಳಿಯದೆ ಹೋರಾಟಕ್ಕೆ ಇಳಿದರೆ, ಮಾಹಿತಿ ಕೊಟ್ಟರೆ ಮುಗಿಯುವ ಕಡೆ ಜಗಳ ಮಾಡಿರುತ್ತೀರಿ. ಜಗಳ ಮಾಡಬೇಕಾದ ಕಡೆ ಬ್ರೋಷರ್ ಹಂಚಿರುತ್ತೀರಿ.

ಹೆಜ್ಜೆ 4: ನಿಯಮವನ್ನು ನೀವೇ ಓದಿ

"ರೂಲ್ಸ್‌ನಲ್ಲಿ ಇಲ್ಲ" ಅನ್ನುವ ಮಾತು ಕೇಳಿಸಿದಾಗಲೆಲ್ಲ ಒಂದೇ ಪ್ರಶ್ನೆ ಕೇಳಿ: "ಯಾವ ರೂಲು, ಸ್ವಲ್ಪ ತೋರಿಸ್ತೀರಾ?" ಗೌರವದಿಂದ, ನಿಜವಾದ ಕುತೂಹಲದಿಂದ ಕೇಳಿ. ಎಷ್ಟೋ ಸಲ ಅಂಥ ರೂಲೇ ಇರುವುದಿಲ್ಲ. ಹಿಂದಿನವರು ಹಾಗೆ ಮಾಡುತ್ತಿದ್ದರು, ಇವರೂ ಮಾಡುತ್ತಿದ್ದಾರೆ, ಅಷ್ಟೇ. ರೂಢಿ ಮತ್ತು ನಿಯಮ ಇವೆರಡರ ನಡುವಿನ ಈ ಸಂದಿಯಲ್ಲಿ ತುಂಬಾ ಜನರ ಹಕ್ಕು ಕಳೆದುಹೋಗುತ್ತದೆ.

ಕಾಯ್ದೆ, ಸುತ್ತೋಲೆ, ಮಾರ್ಗಸೂಚಿ, ನಿಮ್ಮ ವೃತ್ತಿಯ ನೀತಿಸಂಹಿತೆ ಇವುಗಳ ಪ್ರತಿ ಹತ್ತಿರ ಇರಲಿ. ಪೂರ್ತಿ ಬಾಯಿಪಾಠ ಬೇಡ. ಯಾರು ಅರ್ಹರು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ತಿರಸ್ಕಾರವಾದರೆ ಯಾರ ಬಳಿ ಮೇಲ್ಮನವಿ, ಅದಕ್ಕೆ ಕೊನೆಯ ದಿನ ಯಾವುದು, ಈ ನಾಲ್ಕನ್ನು ಗುರುತು ಹಾಕಿಕೊಳ್ಳಿ. ಮೇಲ್ಮನವಿಯ ದಿನ ಮೀರಿಹೋದರೆ ಎಷ್ಟು ಒಳ್ಳೆಯ ಕೇಸಾದರೂ ಕೈಜಾರುತ್ತದೆ. ವಿಷಯ ಕೋರ್ಟಿಗೆ ಹೋಗುವಂಥದ್ದು ಅನ್ನಿಸಿದರೆ ವಕೀಲರ ಹತ್ತಿರ ಕಳಿಸಿ. ಕಾನೂನು ಸಲಹೆ ಕೊಡುವುದು ನಮ್ಮ ಕೆಲಸ ಅಲ್ಲ.

ಹೆಜ್ಜೆ 5: ದಿನಚರಿ ಇಡಿ

ಒಂದು ನೋಟ್‌ಬುಕ್ ಸಾಕು. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಜೊತೆ ಮಾತಾಡಿದೆ, ಅವರು ಏನಂದರು, ಮುಂದೇನು. ಫೋನ್ ಇಟ್ಟ ಕೂಡಲೇ ಬರೆಯಿರಿ, ಸಂಜೆಗೆ ಬಿಡಬೇಡಿ. ಫೋನಿನಲ್ಲಿ ಒಪ್ಪಿಕೊಂಡಿದ್ದನ್ನು ಅವತ್ತೇ ಇಮೇಲ್ ಮಾಡಿ: "ನಾವು ಮಾತಾಡಿದ ಹಾಗೆ, ನೀವು ಸೋಮವಾರದೊಳಗೆ ಪರಿಶೀಲಿಸುತ್ತೇನೆ ಎಂದಿದ್ದೀರಿ." ಇದರಲ್ಲಿ ಗದರಿಕೆ ಏನೂ ಇಲ್ಲ. ಆದರೂ ಮರೆತುಹೋಗುವುದು ನಿಂತುಹೋಗುತ್ತದೆ.

ಹೆಜ್ಜೆ 6: ಮಾತು, ಪತ್ರ, ಮೇಲ್ಮನವಿ ಈ ಕ್ರಮದಲ್ಲಿ

ಮೊದಲೇ ದೂರು ಕೊಡಬೇಡಿ. ತೀರ್ಮಾನ ತಗೊಂಡವರ ಹತ್ತಿರವೇ ಹೋಗಿ ಮಾತಾಡಿ. ಆಮೇಲೆ ಅವರಿಗೇ ಪತ್ರ. ಆಮೇಲೆ ಅವರ ಮೇಲಿನವರು. ಆಮೇಲೆ ಮೇಲ್ಮನವಿ ಅಥವಾ ದೂರು ಪರಿಹಾರ ಸಂಸ್ಥೆ. ಪತ್ರಿಕೆ, ಸಾರ್ವಜನಿಕ ಒತ್ತಡ ಎಲ್ಲ ಕೊನೆಗೆ, ಅದೂ ನಮ್ಮ ಬಳಿ ಬಂದವರು ಪೂರ್ತಿ ತಿಳಿದು ಒಪ್ಪಿದರೆ ಮಾತ್ರ. ಒಂದು ಸಲ ಹೆಸರು, ಫೋಟೋ ಹೊರಗೆ ಹೋದರೆ ಮತ್ತೆ ಒಳಗೆ ತರಲು ಆಗುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ ಅಥವಾ ಕೊನೆಯ ದಿನ ಹತ್ತಿರವಿದ್ದರೆ ಮಾತ್ರ ಮೆಟ್ಟಿಲು ಹಾರಿ.

ಕೌಂಟರಿನ ಆಚೆ ಕೂತವರು ಶತ್ರುಗಳಲ್ಲ. ನೂರಾರು ಫೈಲಿನ ನಡುವೆ ಕೂತು ಅವರೂ ಸುಸ್ತಾಗಿರುತ್ತಾರೆ. ನಾಳೆ ಇನ್ನೊಬ್ಬರ ಕೇಸ್ ಹಿಡಿದು ನೀವು ಅಲ್ಲಿಗೇ ಹೋಗಬೇಕು, ಅಲ್ವಾ? ಬೇಡಿಕೆಯಲ್ಲಿ ಗಟ್ಟಿಯಾಗಿರಿ, ಮನುಷ್ಯರ ಜೊತೆ ಮೆತ್ತಗಿರಿ.

ಪತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಎಡವುವುದೇ ಇಲ್ಲಿ. ಅಜ್ಜಿಗಾಗಿ ನಾನು ಬರೆದ ಮೊದಲ ಪತ್ರ ಹೀಗಿತ್ತು:

"ಇವರು ವಯಸ್ಸಾದವರು, ಅಸಹಾಯಕರು, ಯಾರೂ ನೋಡಿಕೊಳ್ಳುವವರಿಲ್ಲ. ದಯವಿಟ್ಟು ಕರುಣೆ ತೋರಿಸಿ ಮನೆ ನೆರವು ಮಂಜೂರು ಮಾಡಬೇಕಾಗಿ ಪ್ರಾರ್ಥನೆ."

ಅಜ್ಜಿಗೆ ತೋರಿಸಿದೆ. ಅವರ ಮುಖ ಸಪ್ಪಗಾಯಿತು. "ನಾನು ಅಸಹಾಯಕಿ ಅಂತ ಯಾರು ಹೇಳಿದ್ದು?" ಅಂದರು. ಅವರು ಕೇಳುತ್ತಿದ್ದದ್ದು ಭಿಕ್ಷೆ ಅಲ್ಲ, ಹಕ್ಕು. ನಾನು ಕರುಣೆ ಕೇಳಿದ್ದೆ. ಕರುಣೆ ಕೊಡುವವರ ಇಷ್ಟ, ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ. ಹರಿದುಹಾಕಿ ಮತ್ತೆ ಬರೆದೆ:

"ಮನೆ ನೆರವಿಗಾಗಿ ಈ ತಿಂಗಳ 4ರಂದು ಅರ್ಜಿ ಕೊಟ್ಟಿದ್ದೇವೆ. 'ಒಬ್ಬರೇ ಇರುವವರಿಗೆ ಕೊಡುವುದಿಲ್ಲ' ಎಂದು 19ರಂದು ಫೋನಿನಲ್ಲಿ ತಿಳಿಸಿದಿರಿ. ನಿಮ್ಮ ಮಾರ್ಗಸೂಚಿಯಲ್ಲಿ ಇಂಥ ಷರತ್ತು ನಮಗೆ ಕಾಣಲಿಲ್ಲ. ಇದ್ದರೆ ಅದರ ಪ್ರತಿ ಕಳಿಸಿ. ಇಲ್ಲದಿದ್ದರೆ ಅರ್ಜಿಯನ್ನು ಮತ್ತೆ ಪರಿಶೀಲಿಸಿ 30ರೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಅರ್ಜಿದಾರರು ಆಸ್ಪತ್ರೆಯಿಂದ ನೇರ ತಮ್ಮ ಮನೆಗೆ ಹೋಗಲು ಬಯಸಿದ್ದಾರೆ. ಅವರ ಮಾತನ್ನು ಅವರದ್ದೇ ಅಕ್ಷರದಲ್ಲಿ ಕೆಳಗೆ ಲಗತ್ತಿಸಿದ್ದೇವೆ."

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಎರಡನೆಯದರಲ್ಲಿ ಒಂದೂ ಬಿರುಸಿನ ಪದವಿಲ್ಲ. ಏನು ಕೇಳಿದೆವು, ಏನು ಉತ್ತರ ಬಂತು, ನಿಯಮ ಏನು ಹೇಳುತ್ತದೆ, ಈಗ ಏನು ಬೇಕು, ಯಾವತ್ತಿನೊಳಗೆ, ಇಷ್ಟೂ ಇದೆ. ಒಂದು ಪುಟ ಮೀರಬೇಡಿ. ಕಳಿಸುವ ಮೊದಲು ಯಾರ ಬಗ್ಗೆ ಬರೆದಿದ್ದೀರೋ ಅವರಿಗೆ ಓದಿ ಹೇಳಿ. ಅವರು ತಲೆ ಎತ್ತಿ ಕೇಳಿಸಿಕೊಂಡರೆ ಪತ್ರ ಸರಿ ಇದೆ. ತಲೆ ತಗ್ಗಿಸಿದರೆ ಮತ್ತೆ ಬರೆಯಿರಿ.

ಆ ಕಚೇರಿಯಿಂದ 30ರೊಳಗೆ ಉತ್ತರ ಬರಲಿಲ್ಲ. ಮೇಲಿನವರಿಗೆ ಅದೇ ಪತ್ರವನ್ನು ದಿನಚರಿಯ ಪ್ರತಿಯೊಂದಿಗೆ ಕಳಿಸಿದೆವು. ಹತ್ತು ದಿನದ ಮೇಲೆ ಮಂಜೂರಾಯಿತು. ಹಾಗೊಂದು ಷರತ್ತು ಎಲ್ಲೂ ಇರಲಿಲ್ಲ.

ಹೆಜ್ಜೆ 7: ಮೀಟಿಂಗ್‌ನಲ್ಲಿ

ಸಂಬಂಧಪಟ್ಟವರು ಮೀಟಿಂಗ್‌ನಲ್ಲಿ ಇರಲೇಬೇಕು. ಅವರಿಲ್ಲದೆ ನಡೆಯುತ್ತಿದ್ದರೆ ಯಾಕೆ ಇಲ್ಲ ಅಂತ ಕೇಳುವುದೇ ನಿಮ್ಮ ಮೊದಲ ಮಾತಾಗಲಿ. 'ನಾವಿಲ್ಲದೆ ನಮ್ಮ ಬಗ್ಗೆ ಏನೂ ಬೇಡ' ಅನ್ನುವುದು ಅಂಗವಿಕಲರ ಚಳವಳಿ ಲೋಕಕ್ಕೆ ಕೊಟ್ಟ ಘೋಷಣೆ. ಅದನ್ನು ಪ್ರತಿ ಮೀಟಿಂಗ್‌ಗೂ ಅಳತೆ ಮಾಡಿ ನೋಡಬಹುದು.

ಹಿಂದಿನ ದಿನವೇ ಅವರ ಜೊತೆ ಕೂತು, ಹೇಳಲೇಬೇಕಾದ ಎರಡೋ ಮೂರೋ ಮಾತು ಬರೆದಿಟ್ಟುಕೊಳ್ಳಿ. ಯಾರು ಯಾರು ಬರುತ್ತಾರೆ, ಏನು ಕೇಳಬಹುದು ಅಂತ ತಿಳಿಸಿ. ಅವರ ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಯಾರಾದರೂ ನಿಮ್ಮ ಮುಖ ನೋಡಿ "ಇವರಿಗೆ ರಾತ್ರಿ ನಿದ್ದೆ ಬರುತ್ತಾ?" ಅಂತ ಕೇಳಿದರೆ ನೀವು ಉತ್ತರ ಕೊಡಬೇಡಿ, ಅವರ ಕಡೆ ತಿರುಗಿ. ಪ್ರಶ್ನೆ ತಾನಾಗಿಯೇ ಅವರ ಕಡೆ ಹೋಗುತ್ತದೆ. ಅರ್ಥವಾಗದ ಪದ ಬಂದರೆ "ಅದನ್ನು ಸ್ವಲ್ಪ ಸರಳವಾಗಿ ಹೇಳ್ತೀರಾ?" ಅಂತ ನೀವೇ ಕೇಳಿ. ನಿಮಗೆ ಗೊತ್ತಿದ್ದರೂ ಕೇಳಿ.

ಅವರ ಇಷ್ಟ ಅಪಾಯದ್ದು ಅನ್ನಿಸಿದಾಗ

ಇಲ್ಲಿ ಕ್ರಮ ಸಂಖ್ಯೆ ಹಾಕಲು ಆಗುವುದಿಲ್ಲ. ಇದು ಯಾವ ಹೆಜ್ಜೆಯಲ್ಲಿ ಬೇಕಾದರೂ ಎದುರಾಗುತ್ತದೆ.

ನಿಮ್ಮ ಮನಸ್ಸಿನ ಮಾತು ಮುಚ್ಚಿಡಬೇಡಿ. ನನಗೆ ಭಯವಾಗುತ್ತದೆ, ನೀವು ಮತ್ತೆ ಬೀಳಬಹುದು ಅಂತ ಅಜ್ಜಿಗೆ ನೇರವಾಗಿ ಹೇಳಿದೆ. "ಬೀಳಬಹುದು. ನಂಗೂ ಗೊತ್ತು" ಅಂದರು. ತಿಳಿದು, ತೂಗಿ, ಆರಿಸಿಕೊಂಡ ಅಪಾಯವದು. ಅದನ್ನು ಆರಿಸಿಕೊಳ್ಳುವ ಹಕ್ಕು ಅವರದ್ದು. ಬಿದ್ದರೆ ಪೆಟ್ಟು ಕಡಿಮೆ ಆಗುವ ಹಾಗೆ, ಬೇಗ ಗೊತ್ತಾಗುವ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ಹಿಡಿಕೆ, ತುರ್ತು ಗಂಟೆ, ದಿನಕ್ಕೆರಡು ಭೇಟಿ ಅದಕ್ಕಾಗಿಯೇ. ಮನೆಗೆ ಹೋದ ಐದನೇ ತಿಂಗಳು ಅವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಗಂಟೆ ಒತ್ತಿದರು, ಜನ ಬಂದರು, ಮೂಳೆಗೆ ಏನೂ ಆಗಿರಲಿಲ್ಲ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಬೆಳಗ್ಗೆ ಹೋಗಿ ಮತ್ತೆ ಕೇಳಿದೆ. ಉತ್ತರ ಬದಲಾಗಿರಲಿಲ್ಲ.

ಇದಕ್ಕೆ ಮಿತಿಗಳೂ ಇವೆ. ಮಗುವಿನ ಮೇಲೆ ದೌರ್ಜನ್ಯ ಆಗುತ್ತಿದ್ದರೆ, ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಗುಟ್ಟು ಕಾಪಾಡುವ ಮಾತು ಅಲ್ಲಿ ನಿಲ್ಲುತ್ತದೆ. ಆಗ ಕಾನೂನು ಹೇಳಿದಂತೆ ವರದಿ ಮಾಡಲೇಬೇಕು. ಈ ಮಿತಿಯನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ. ನಂಬಿ ಮನಸ್ಸು ಬಿಚ್ಚಿದ ಮೇಲೆ 'ಇದನ್ನು ಹೇಳಲೇಬೇಕು' ಅಂದರೆ ಅವರಿಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ.

ಹೆಜ್ಜೆ 8: ಒಂದೇ ಕೇಸ್ ಮತ್ತೆ ಮತ್ತೆ ಬಂದರೆ

ಅಜ್ಜಿಯ ಮಂಜೂರಾತಿ ಸಿಕ್ಕ ಮೇಲೆ ಹಳೆಯ ಫೈಲುಗಳನ್ನು ತೆಗೆದು ನೋಡಿದೆ. 'ಒಬ್ಬರೇ ಇರುವವರಿಗೆ ಕೊಡುವುದಿಲ್ಲ' ಅಂತ ಅದೇ ಕಚೇರಿಯಿಂದ ಉತ್ತರ ಬಂದಿದ್ದ ಇನ್ನೂ ಆರು ಜನ ಇದ್ದರು. ಆರೂ ಜನ ಸುಮ್ಮನಾಗಿ ಮನೆ ಬಿಟ್ಟಿದ್ದರು. ಇಂಥ ಹೊತ್ತಿನಲ್ಲಿ ಕೇಸ್ ಅಡ್ವೊಕಸಿ ಕಾಸ್ ಅಡ್ವೊಕಸಿಯಾಗಿ ತಿರುಗಬೇಕು.

ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಅಮೆರಿಕದ ಷಿಕಾಗೋದ ಹಲ್ ಹೌಸ್, ಕಾರ್ಯಕರ್ತರು ಬಡವರ ನಡುವೆಯೇ ವಾಸವಿದ್ದು ಕೆಲಸ ಮಾಡುತ್ತಿದ್ದ ಸೇವಾಕೇಂದ್ರ. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ವಲಸಿಗರು ತುಂಬಿದ್ದ ಬಡ ಬಡಾವಣೆಯೊಂದರಲ್ಲಿ ಅದನ್ನು ಶುರು ಮಾಡಿದರು. ಬೀದಿಗಳಲ್ಲಿ ಕಸ ಕೊಳೆಯುತ್ತಿತ್ತು, ಮಕ್ಕಳು ಕಾಯಿಲೆ ಬೀಳುತ್ತಿದ್ದರು. ಬರೀ ಗೊಣಗಿದರೆ ಯಾರು ಕೇಳುತ್ತಾರೆ? ಅಲ್ಲಿನ ಮಹಿಳಾ ಕ್ಲಬ್ಬಿನ ಹನ್ನೆರಡು ಜನ, ದಿನದ ಕೆಲಸ ಮುಗಿಸಿ ಸಂಜೆ ಹೊತ್ತು ಗಲ್ಲಿ ಗಲ್ಲಿ ಸುತ್ತಿ ಎಲ್ಲಿ ಏನು ನಿಯಮ ಮುರಿದಿದೆ ಅಂತ ಬರೆದುಕೊಂಡರು. ಎರಡು ತಿಂಗಳಲ್ಲಿ ಆರೋಗ್ಯ ಇಲಾಖೆಗೆ ಹೋದ ವರದಿಗಳು 1,037. ಆಮೇಲೆ ಜೇನ್ ಆಡಮ್ಸ್ ಕಸ ಎತ್ತುವ ಗುತ್ತಿಗೆಗೇ ಅರ್ಜಿ ಹಾಕಿದರು. ಗುತ್ತಿಗೆ ಸಿಗಲಿಲ್ಲ. ಆದರೆ 1895ರಲ್ಲಿ ಅವರನ್ನೇ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಮಾಡಿದರು. ಬೆಳ್ಳಂಬೆಳಗ್ಗೆ ಎದ್ದು ಕಸದ ಗಾಡಿಗಳ ಹಿಂದೆ ಹೋಗುತ್ತಿದ್ದರು. 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆದರೆ ನನಗೆ ಅದಕ್ಕಿಂತ ಆ ಹನ್ನೆರಡು ಹೆಂಗಸರ ಸಂಜೆಗಳೇ ದೊಡ್ಡದಾಗಿ ಕಾಣುತ್ತವೆ.

ಗೆದ್ದಿದ್ದು ಉಳಿಯುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಹಲ್ ಹೌಸ್‌ನಲ್ಲೇ ಇದ್ದ ಫ್ಲಾರೆನ್ಸ್ ಕೆಲ್ಲಿ, ಕಾರ್ಖಾನೆಗಳ ಸ್ಥಿತಿ ಬಗ್ಗೆ ಮಾಹಿತಿ ಕೂಡಿಹಾಕಿ ಹೋರಾಡಿದ ಫಲವಾಗಿ 1893ರಲ್ಲಿ ಇಲಿನಾಯ್ ರಾಜ್ಯದಲ್ಲಿ ಕಾರ್ಖಾನೆ ಕಾಯ್ದೆ ಬಂತು. ಹೆಂಗಸರಿಗೆ ದಿನಕ್ಕೆ ಎಂಟು ಗಂಟೆ ದುಡಿಮೆಯ ಮಿತಿ ಅದರಲ್ಲಿತ್ತು. ಎರಡೇ ವರ್ಷಕ್ಕೆ, 1895ರಲ್ಲಿ, ರಾಜ್ಯದ ಸುಪ್ರೀಂ ಕೋರ್ಟ್ ಆ ಎಂಟು ಗಂಟೆಯ ಮಿತಿಯನ್ನು ರದ್ದು ಮಾಡಿತು. ಅವರು ಬಿಡಲಿಲ್ಲ, ಮುಂದೆ ದಶಕಗಳ ಕಾಲ ಅದೇ ಕೆಲಸ ಮಾಡಿದರು. ಸೋತ ದಿನ ಇದನ್ನು ನೆನೆಸಿಕೊಳ್ಳಿ.

ನಮ್ಮ ಮಟ್ಟದಲ್ಲಿ ಮಾಡಲು ಸಾಧ್ಯವಿರುವುದು ಏನು? ಮೊದಲು ಎಣಿಸಿ. ಹೆಸರು ತೆಗೆದು, ಒಂದೇ ರೀತಿ ತಿರಸ್ಕಾರವಾದ ಕೇಸುಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಆ ಜನರೇ ಒಟ್ಟಿಗೆ ಸೇರಬಹುದಾ ಅಂತ ಕೇಳಿ. ತಮ್ಮಂತೆ ಇನ್ನೂ ಆರು ಜನ ಇದ್ದಾರೆ ಅಂತ ಗೊತ್ತಾದಾಗ ಅವರ ಮುಖದಲ್ಲಿ ಆಗುವ ಬದಲಾವಣೆ ನೋಡಬೇಕು. ಬೇರೆ ಸಂಸ್ಥೆಗಳಲ್ಲೂ ಇದೇ ಆಗಿದೆಯಾ ವಿಚಾರಿಸಿ. ಬೇಡಿಕೆ ಒಂದೇ ಇರಲಿ, ಸಣ್ಣದಿರಲಿ. ನಾವು ಕೇಳಿದ್ದು 'ತಿರಸ್ಕಾರಕ್ಕೆ ಬರವಣಿಗೆಯಲ್ಲಿ ಕಾರಣ ಕೊಡಿ, ಯಾವ ನಿಯಮದಡಿ ಅಂತ ನಮೂದಿಸಿ' ಅನ್ನುವುದು ಮಾತ್ರ. ಒಂದು ವರ್ಷ ಹಿಡಿಯಿತು. ಈಗ ಆ ಕಚೇರಿಯ ಪತ್ರದಲ್ಲಿ ಕಾರಣಕ್ಕೆ ಒಂದು ಕಾಲಂ ಇದೆ.

ಹೆಜ್ಜೆ 9: ತಡೆ ನಿಮ್ಮ ಸಂಸ್ಥೆಯೇ ಆಗಿದ್ದರೆ

ಎಲ್ಲಕ್ಕಿಂತ ಕಷ್ಟದ ಜಾಗ ಇದು. ಸಂಬಳ ಕೊಡುವವರ ವಿರುದ್ಧವೇ ಮಾತಾಡಬೇಕು. ಆಸ್ಪತ್ರೆಗೆ ಹಾಸಿಗೆ ಬೇಗ ಖಾಲಿಯಾಗಬೇಕಿತ್ತು, ಅಜ್ಜಿಯನ್ನು ಕಳಿಸುವ ಅವಸರಕ್ಕೆ ಅದೂ ಕಾರಣ. ಅದನ್ನು ನಾನು ಮೊದಲ ಮೀಟಿಂಗ್‌ನಲ್ಲೇ ಹೇಳಬೇಕಿತ್ತು, ಹೇಳಲು ಧೈರ್ಯ ಬಂದಿದ್ದು ಎರಡನೆಯದರಲ್ಲಿ.

ಒಬ್ಬರೇ ಹೋಗಬೇಡಿ. ಮೊದಲು ಸೂಪರ್‌ವೈಸರ್ ಜೊತೆ ಮಾತಾಡಿ, ಮಾತಾಡಿದ್ದನ್ನು ಬರೆದಿಡಿ. ಸಹೋದ್ಯೋಗಿಗಳಲ್ಲಿ ಇದೇ ಅನ್ನಿಸಿದವರನ್ನು ಹುಡುಕಿ. ಸಂಸ್ಥೆಯ ಸ್ವಂತ ಧ್ಯೇಯ, ನೀತಿ ಏನು ಹೇಳುತ್ತದೆ ನೋಡಿ. 'ನಾವೇ ಬರೆದಿದ್ದಕ್ಕೆ ನಾವೇ ತಪ್ಪುತ್ತಿದ್ದೇವೆ' ಅನ್ನುವ ಮಾತಿಗೆ ತೂಕ ಜಾಸ್ತಿ. ಇಷ್ಟಾದರೂ ನೀವು ನಡುವೆ ಸಿಕ್ಕಿಕೊಂಡಿದ್ದೀರಿ ಅನ್ನಿಸಿದರೆ, ಆ ವ್ಯಕ್ತಿಯನ್ನು ಹೊರಗಿನ ಸ್ವತಂತ್ರ ಅಡ್ವೊಕೇಟ್ ಅಥವಾ ಬೇರೆ ಸಂಸ್ಥೆಯ ಹತ್ತಿರ ಕಳಿಸಿ. ಅದರಲ್ಲಿ ಸೋಲೇನೂ ಇಲ್ಲ.

ಹೆಜ್ಜೆ 10: ಹಿಂದಕ್ಕೆ ಸರಿಯಿರಿ

ಮೊದಲ ಫೋನ್ ನೀವು ಮಾಡಿ, ಅವರು ಕೇಳಿಸಿಕೊಳ್ಳಲಿ. ಎರಡನೆಯದನ್ನು ಅವರು ಮಾಡಲಿ, ನೀವು ಪಕ್ಕದಲ್ಲಿರಿ. ಮೂರನೆಯದನ್ನು ಅವರೇ ಮಾಡಿ ನಿಮಗೆ ಸುದ್ದಿ ತಿಳಿಸಲಿ. ಪತ್ರದ ಪ್ರತಿಗಳು, ದಿನಚರಿ, ಮೇಲ್ಮನವಿಯ ವಿಳಾಸ ಎಲ್ಲ ಅವರ ಮನೆಯಲ್ಲೂ ಒಂದು ಫೈಲಿನಲ್ಲಿ ಇರಲಿ. ಕೇಸ್ ಮುಗಿಸುವಾಗ ಎರಡು ಪ್ರಶ್ನೆ ಕೇಳಿ: ನಿಮಗೆ ಬೇಕಾದದ್ದು ಸಿಕ್ಕಿತಾ? ಮುಂದಿನ ಸಲ ನಾನಿಲ್ಲದೆ ಮಾಡಬಹುದು ಅನ್ನಿಸುತ್ತಾ? ಎರಡನೆಯದಕ್ಕೆ ಇಲ್ಲ ಅಂದರೆ ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ.

ಆರು ತಿಂಗಳ ಮೇಲೆ ಅಜ್ಜಿಯ ಮನೆ ನೆರವನ್ನು ದಿನಕ್ಕೆ ಒಂದೇ ಸಲಕ್ಕೆ ಇಳಿಸುತ್ತೇವೆ ಅಂತ ಪತ್ರ ಬಂತು. ನನಗೆ ಗೊತ್ತಾಗಿದ್ದು ವಾರದ ಮೇಲೆ. ಅಷ್ಟರಲ್ಲಿ ಅವರೇ ಫೋನ್ ಮಾಡಿ, ಯಾವ ನಿಯಮದಡಿ ಅಂತ ಕೇಳಿ, ಬರವಣಿಗೆಯಲ್ಲಿ ಉತ್ತರ ತರಿಸಿಕೊಂಡು, ಎರಡು ಸಲವೇ ಮುಂದುವರಿಯುವ ಹಾಗೆ ಮಾಡಿಕೊಂಡಿದ್ದರು. ಆ ಕಾಗದ ನೋಡಲು ಹೋದೆ. ಮೆಟ್ಟಿಲ ಪಕ್ಕ ಇಳಿಜಾರು ಹಾಕಿದ್ದರು. ಬಾಗಿಲು ತಟ್ಟಿದೆ. ಒಳಗಿಂದ ವಾಕರಿನ ಸದ್ದು ನಿಧಾನಕ್ಕೆ ಹತ್ತಿರ ಬಂತು. "ತಳ್ಳಬೇಡ, ನಾನೇ ತೆಗೀತೀನಿ" ಅಂದರು. ಚಿಲಕ ಸರಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಹೊರಗೆ ನಿಂತು ಕಾದೆ.